ಅರುಣ್ ಕುಮಾರ್ ಕರ್ನಾಟಕದ ಕ್ರಿಕೆಟ್ ಕೋಚ್ ಆಗಿದ್ದಾಗಿನ ಕಪ್‌ಗಳಲ್ಲಿ ಅವರ ಪಾಲು ಎಷ್ಟು?

ಲೆಗ್‌ಬೈ ತುಮಕೂರು:
ಎಲ್ಲರಿಗೂ ನಮಸ್ಕಾರ. ಜೆ. ಅರುಣ್ ಕುಮಾರ್ ಆಡಿದ್ದನ್ನು ನೋಡಿದ ವಯಸ್ಸು ನನ್ನದಲ್ಲ. ನನಗೆ ಗೊತ್ತಿರೋದು ಕೋಚ್ ಅರುಣ್ ಕುಮಾರ್ ಮಾತ್ರ. 2013–14, 2014–15, ಎರಡು ಸೀಸನ್‌ನಲ್ಲೂ ದೇಶೀ ಕ್ರಿಕೆಟ್‌ನ ರಣಜಿ, ಇರಾನಿ, ವಿಜಯ್ ಹಜಾರೆ ಕಪ್ ಮೂರೂ ನಮ್ಮದೇ. ಆದರೆ ಕೆ.ಎಲ್. ರಾಹುಲ್, ಕರುಣ್ ನಾಯರ್, ಮನೀಶ್ ಪಾಂಡೆ, ವಿನಯ್ ಕುಮಾರ್, ಅಭಿಮನ್ಯು ಮಿಥುನ್ ಇದ್ದ ತಂಡ ಅದು. ಯಾರು ಕೋಚ್ ಆಗಿದ್ದರೂ ಗೆಲ್ತಿತ್ತು, ಅಲ್ವಾ?

ಗಂಗೋತ್ರಿ ಮೈಸೂರು:
ಅಷ್ಟು ಸುಲಭ ಇಲ್ಲಪ್ಪ. 2010ರ ಜನವರಿಯಲ್ಲಿ ಮೈಸೂರಿನ ರಣಜಿ ಫೈನಲ್ ನೋಡಿದವನು ನಾನು. ಮುಂಬೈ ಎದುರು ಗೆಲ್ಲೋಕೆ 338 ಬೇಕಿತ್ತು. ಮನೀಶ್ ಪಾಂಡೆ 144 ಹೊಡೆದ. ಗಂಗೋತ್ರಿ ಗ್ಲೇಡ್ಸ್ ಮೈದಾನದಲ್ಲಿ ಕಾಲಿಡೋಕೆ ಜಾಗ ಇರಲಿಲ್ಲ. 331ಕ್ಕೆ ಆಲೌಟ್! ನನ್ನ ಪಕ್ಕದಲ್ಲಿದ್ದ ಯಜಮಾನರೊಬ್ಬರು ಕಡ್ಲೆಕಾಯಿ ಪೊಟ್ಟಣ ಮುದುರಿ ಹಿಡಿದುಕೊಂಡು, "ಇನ್ನೆರಡು ಬೌಂಡ್ರಿ ಕಣ್ರೀ, ಎರಡೇ ಎರಡು" ಅಂತ ಸಿಕ್ಕಸಿಕ್ಕವರಿಗೆಲ್ಲ ಹೇಳ್ತಿದ್ದರು. ಆ ತಂಡದಲ್ಲೂ ವಿನಯ್, ಮಿಥುನ್, ಮನೀಶ್, ಉತ್ತಪ್ಪ ಎಲ್ಲ ಇದ್ದರು. ಆದರೂ 1998–99 ಆದಮೇಲೆ ಮತ್ತೆ ರಣಜಿ ಬರೋಕೆ 2013–14ರವರೆಗೆ ಕಾಯಬೇಕಾಯ್ತು.

ಇನ್ನು ಆಟಗಾರ ಅರುಣ್ ವಿಷಯ. ಜ್ಯಾಕ್ ಅಂತ ಕರೀತಿದ್ದರು. ಓಪನರ್ ಆದರೂ ಹೊಸ ಚೆಂಡನ್ನು ಬಿಟ್ಟು ಬಿಟ್ಟು ಹಳೇದು ಮಾಡೋ ಪೈಕಿ ಅಲ್ಲ. ಜಾಗ ಸಿಕ್ಕರೆ ಹೊಡೆಯೋದೇ. 1995–96, 1997–98, 1998–99, ಮೂರು ರಣಜಿ ಗೆಲುವಿನ ಕಾಲದ ಆಟಗಾರ. 100ಕ್ಕೂ ಜಾಸ್ತಿ ಪ್ರಥಮ ದರ್ಜೆ ಪಂದ್ಯ, 7,000ಕ್ಕೂ ಜಾಸ್ತಿ ರನ್. ಜೊತೆಯವರಾದ ಭಾರದ್ವಾಜ್, ದೊಡ್ಡ ಗಣೇಶ್, ಸುನಿಲ್ ಜೋಶಿ ಟೆಸ್ಟ್ ಆಡಿದರು. ಇವರಿಗೆ ಮಾತ್ರ ಕರೆ ಬರಲೇ ಇಲ್ಲ. ಕೋಚ್ ಆದಾಗ ಕೈ ಹಿಡಿದದ್ದು ಇದೇ ಅಂತ ನನ್ನ ಲೆಕ್ಕ. ರನ್ ಹೊಡೆದೂ ಕಾಯ್ತಾ ಕೂತ ಹುಡುಗನ ಹೊಟ್ಟೆಯುರಿ ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಲಾಂಗ್‌ಆನ್ ಹುಬ್ಬಳ್ಳಿ:
ಒಪ್ಪೋದಿಲ್ರೀ. 2015ರಲ್ಲಿ ಮುಂಬೈನ ವಾಂಖೆಡೆಯ ರಣಜಿ ಫೈನಲ್ ತಗೊಳ್ಳಿ. ವಿನಯ್ ಐದು ವಿಕೆಟ್ ಕಿತ್ತು ತಮಿಳುನಾಡನ್ನ 134ಕ್ಕೆ ಮುಗಿಸಿದರು. ಆಮೇಲೆ ನಮ್ಮದೂ 84ಕ್ಕೆ 5. ಅಲ್ಲಿಂದ ಕರುಣ್ 328, ರಾಹುಲ್ 188. ಇಬ್ಬರ ಜೊತೆಯಾಟ 386 ರನ್. ಅದನ್ನೇನು ಕೋಚ್ ಆಡಿದ್ರಾ? ಅದೇ ಅರುಣ್ ಆಮೇಲೆ ಹೈದರಾಬಾದ್‌ಗೆ, ಪುದುಚೇರಿಗೆ ಕೋಚ್ ಆಗಿ ಹೋದರಲ್ಲ, ಕಪ್ ಬಂತಾ?

ಗಂಗೋತ್ರಿ ಮೈಸೂರು:
ಪುದುಚೇರಿ ರಣಜಿಗೆ ಬಂದಿದ್ದೇ 2018ರಲ್ಲಿ ಸಾರ್! ಅವರ ಹತ್ರ ಕಪ್ ಕೇಳೋದು ಸ್ವಲ್ಪ ಜಾಸ್ತಿ ಆಯ್ತು. ಇನ್ನೊಂದು ನೋಡಿ. 2019ರಲ್ಲಿ ವಿನಯ್ ಕರ್ನಾಟಕ ಬಿಟ್ಟು ಆಡೋಕೆ ಹೋಗಿದ್ದು ಅದೇ ಪುದುಚೇರಿಗೆ. ಎರಡು ಸಲ ಮೂರೂ ಕಪ್ ಎತ್ತಿದ ಕ್ಯಾಪ್ಟನ್ ಸುಮ್ನೆ ಅಲ್ಲಿಗೆ ಹೋಗ್ತಾರಾ?

ಮ್ಯಾಟ್ ವಿಕೆಟ್ ಡಲ್ಲಾಸ್:
ನಮ್ಮ ಕಡೆಯದೂ ಸೇರಿಸಿ. 2020ರಲ್ಲಿ ಅರುಣ್ ಅಮೆರಿಕ ತಂಡದ ಹೆಡ್ ಕೋಚ್ ಆದರು. ಚಿಕ್ಕಮಗಳೂರಿನ ಕಡೆ ಬೆಳೆದ ನೊಸ್ತುಷ್ ಕೆಂಜಿಗೆ ಆಡುವ ತಂಡ ಇದು. ಇಲ್ಲಿನ ಕ್ಲಬ್ ಕ್ರಿಕೆಟ್ ಅಂದರೆ ಶನಿವಾರ ಬೆಳಿಗ್ಗೆ ನಾವೇ ಮ್ಯಾಟ್ ಹಾಸಿ, ನಾವೇ ಮೊಳೆ ಹೊಡೆದು, ಸಂಜೆ ನಾವೇ ಸುತ್ತಿ ಕಾರಿಗೆ ತುಂಬೋದು. ಅಂಥ ಕಡೆಯ ತಂಡ 2021ರ ಡಿಸೆಂಬರ್‌ನಲ್ಲಿ ಲಾಡರ್‌ಹಿಲ್‌ನಲ್ಲಿ ಟೆಸ್ಟ್ ಆಡುವ ಐರ್ಲೆಂಡನ್ನ ಟಿ20ಯಲ್ಲಿ ಸೋಲಿಸಿತು.

ಲಾಂಗ್‌ಆನ್ ಹುಬ್ಬಳ್ಳಿ:
ಐರ್ಲೆಂಡ್ ಕೊಟ್ಟೆ, ತಗೊಳ್ಳಿ. ಆದರೆ 2024ರಲ್ಲಿ ನಿಮ್ಮೂರಲ್ಲೇ ಅಮೆರಿಕ ಪಾಕಿಸ್ತಾನನ ಸೋಲಿಸಿದಾಗ ಕೋಚ್ ಸ್ಟುವರ್ಟ್ ಲಾ. ಅದನ್ನೂ ಅರುಣ್ ಖಾತೆಗೆ ಬರೀಬೇಡಿ ಮತ್ತೆ!