ಊರಿನ ಮನೆಗೆ ಜನರೇಟರ್ ತರಿಸುವ ಮೊದಲು

ಎಲ್ಲರಿಗೂ ನಮಸ್ಕಾರ. ಪ್ರಸನ್ನ, ಹೊಸನಗರದ ಮನೆಯಲ್ಲಿ ಗಾಳಿಮಳೆಗೆ ಮೂರು ದಿನದಿಂದ ಕರೆಂಟಿಲ್ಲ, ಅಪ್ಪ ಅಮ್ಮ ಇಬ್ಬರೇ ಇದ್ದಾರೆ, ಹೀಗಾಗಿ ಒಂದು ಪೆಟ್ರೋಲ್ ಜನರೇಟರನ್ನು ಆನ್‌ಲೈನಿನಲ್ಲಿ ತರಿಸಿ ಜಗಲಿಯಲ್ಲಿ ಇಡಿಸಬಹುದೇ ಎಂದು ನೀನು ನಿನ್ನೆ ಗುಂಪಿನಲ್ಲಿ ಕೇಳಿದ್ದೆ. ಬೆಂಗಳೂರಿನಲ್ಲಿ ಕುಳಿತು ನೀನು ಪಡುತ್ತಿರುವ ಆತಂಕ ನನಗೆ ಅರ್ಥವಾಗುತ್ತದೆ. ಆದರೆ ಮನೆ ವೈರಿಂಗಿನ ಕೆಲಸದಲ್ಲೇ ಆಯುಷ್ಯ ಕಳೆದವನಾಗಿ ಮೊದಲು ಒಂದು ಮಾತು ಹೇಳುತ್ತೇನೆ: ಜಗಲಿಯಲ್ಲಿ ಜನರೇಟರ್ ಖಂಡಿತ ಬೇಡ. ಕತ್ತಲಿನಿಂದ ಯಾರ ಜೀವವೂ ಹೋಗುವುದಿಲ್ಲ. ಕತ್ತಲನ್ನು ಓಡಿಸಲು ಅವಸರದಲ್ಲಿ ಮಾಡುವ ಏರ್ಪಾಡುಗಳಿಂದಲೇ ಅನಾಹುತವಾಗುತ್ತದೆ.

ಪೆಟ್ರೋಲ್ ಎಂಜಿನ್ ಉಗುಳುವ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲವಿರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುವುದರಿಂದ, ಉಸಿರಾಡುತ್ತಿದ್ದರೂ ದೇಹಕ್ಕೆ ಪ್ರಾಣವಾಯು ಸಿಗುವುದಿಲ್ಲ. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ, ಆಮೇಲೆ ಮಂಪರು; ನಿದ್ದೆಯಲ್ಲಿದ್ದವರಿಗೆ ಇದ್ಯಾವುದೂ ತಿಳಿಯುವುದೇ ಇಲ್ಲ. ನಿಮ್ಮ ಮನೆಯ ಜಗಲಿಗೆ ಮಲಗುವ ಕೋಣೆಯ ಕಿಟಕಿ ತೆರೆದುಕೊಳ್ಳುತ್ತದೆ ಎಂಬುದನ್ನು ನೆನಪು ಮಾಡಿಕೋ. ಜನರೇಟರ್ ಇಡಲೇಬೇಕೆಂದಾದರೆ ಮನೆಯಿಂದ ಕನಿಷ್ಠ ಇಪ್ಪತ್ತು ಅಡಿ ದೂರದಲ್ಲಿ, ಅಂಗಳದ ಆಚೆ ತುದಿಯಲ್ಲಿ, ಮೇಲೆ ಶೀಟು ಇದ್ದು ಸುತ್ತಲೂ ತೆರೆದಿರುವ ಜಾಗದಲ್ಲಿ, ಹೊಗೆಯ ಕೊಳವೆ ಮನೆಗೆ ಬೆನ್ನು ಮಾಡಿರುವಂತೆ ಇಡಬೇಕು. ಎಂಜಿನ್ ಆರಿಸಿ, ತಣ್ಣಗಾದ ಮೇಲೆಯೇ ಪೆಟ್ರೋಲ್ ತುಂಬಬೇಕು. ಎಪ್ಪತ್ತು ದಾಟಿದ ನಿನ್ನ ಅಪ್ಪ ಜಡಿಮಳೆಯಲ್ಲಿ ಅಷ್ಟು ದೂರ ಹೋಗಿ ಹಗ್ಗ ಎಳೆದು ಅದನ್ನು ಚಾಲೂ ಮಾಡಬೇಕೇ ಎಂಬುದನ್ನೂ ಯೋಚಿಸು.

ಇದೇ ಕಾರಣಕ್ಕೆ ಮತ್ತೊಂದು ವಿಷಯ. ಥಂಡಿಯೆಂದು ಕೆಂಡದ ಅಗ್ಗಿಷ್ಟಿಕೆಯನ್ನು ಕೋಣೆಯೊಳಗೆ ಇಟ್ಟುಕೊಂಡು ಬಾಗಿಲು ಹಾಕಿ ಮಲಗುವುದನ್ನು ಅಪ್ಪ ಅಮ್ಮ ಬಿಡಬೇಕು. ನಮ್ಮ ಹಿರಿಯರು ಹಾಗೆಯೇ ಮಲಗುತ್ತಿದ್ದರಲ್ಲ ಎಂದು ಅವರು ಹೇಳಬಹುದು. ಹಿರಿಯರದು ಹಂಚಿನ ಮನೆಯಾಗಿತ್ತು, ಹಂಚಿನ ಸಂದುಗಳಿಂದ ಗಾಳಿ ಆಡುತ್ತಿತ್ತು. ಈಗಿನದು ಆರ್‌ಸಿಸಿ ಮನೆ, ಗಾಜಿನ ಕಿಟಕಿ ಹಾಕಿದರೆ ಒಳಗಿನ ಗಾಳಿ ಒಳಗೇ ಉಳಿಯುತ್ತದೆ. ಕೆಂಡದಿಂದಲೂ ಬರುವುದು ಅದೇ ವಿಷಾನಿಲ.

ಜನರೇಟರಿನ ಎರಡನೆಯ ಅಪಾಯ ನಮಗಲ್ಲ, ಕಂಬ ಹತ್ತಿದವನಿಗೆ. ಎರಡೂ ತುದಿಗೆ ಪಿನ್ ಇರುವ ವೈರು ಮಾಡಿಸಿ, ಒಂದು ತುದಿಯನ್ನು ಜನರೇಟರಿಗೂ ಇನ್ನೊಂದನ್ನು ಗೋಡೆಯ ಸಾಕೆಟ್ಟಿಗೂ ಚುಚ್ಚಿ ಇಡೀ ಮನೆಗೆ ಕರೆಂಟು ಕೊಡುವ ಪದ್ಧತಿ ನಮ್ಮ ಕಡೆ ಇನ್ನೂ ಇದೆ. ಆ ಕರೆಂಟು ಮೀಟರ್ ದಾಟಿ ಹೊರಗಿನ ತಂತಿಗೆ ಹೋಗುತ್ತದೆ, ಅಲ್ಲಿಂದ ಟಿ.ಸಿ.ಗೆ, ಅಂದರೆ ಊರಿನ ಟ್ರಾನ್ಸ್‌ಫಾರ್ಮರಿಗೆ, ಹಿಮ್ಮುಖವಾಗಿ ಹೊಕ್ಕರೆ ಅದರ ಆಚೆ ಬದಿಯಲ್ಲಿ ಸಾವಿರಾರು ವೋಲ್ಟ್‌ಗೆ ಏರುತ್ತದೆ. ಲೈನ್ ಆಫ್ ಆಗಿದೆ ಎಂದು ನಂಬಿ ನಮಗಾಗಿಯೇ ಮಳೆಯಲ್ಲಿ ಕಂಬ ಹತ್ತಿರುವ ಪವರ್‌ಮ್ಯಾನ್ ಕೈಗೆ ಆ ತಂತಿ ತಗುಲುತ್ತದೆ. ಯಾರದೋ ಮನೆಯ ಮಗನ ಪ್ರಾಣ ತೆಗೆಯುವ ಈ ಕೆಲಸವನ್ನು ನಮ್ಮ ಮನೆಯವರು ಯಾರೂ ಮಾಡಬಾರದು. ಒಂದೋ ಚೇಂಜ್‌ಓವರ್ ಸ್ವಿಚ್ ಹಾಕಿಸಬೇಕು, ಅಂದರೆ ಮನೆಗೆ ಲೈನಿನ ಕರೆಂಟು ಇಲ್ಲವೇ ಜನರೇಟರಿನದು, ಒಂದು ಸಲಕ್ಕೆ ಒಂದೇ ಸಿಗುವಂತಿರಬೇಕು. ಇಲ್ಲವಾದರೆ ಬೇಕಾದ ಉಪಕರಣವನ್ನು ನೇರವಾಗಿ ಜನರೇಟರಿಗೇ ಜೋಡಿಸಿಕೊಳ್ಳಬೇಕು.

ಹಾಗಾದರೆ ಏನು ಮಾಡುವುದು? ನನ್ನ ಅಭಿಪ್ರಾಯದಲ್ಲಿ ಆ ಮನೆಗೆ ಬೇಕಾಗಿರುವುದು ಒಂದು ಇನ್ವರ್ಟರ್ ಮತ್ತು 150 ಎ.ಎಚ್. (ಆಂಪಿಯರ್-ಅವರ್) ಟ್ಯೂಬುಲರ್ ಬ್ಯಾಟರಿ. ಲೆಕ್ಕ ಹೀಗಿದೆ. 12 ವೋಲ್ಟ್‌ನ ಆ ಬ್ಯಾಟರಿಯಲ್ಲಿ ಹೆಸರಿಗೆ 1,800 ವ್ಯಾಟ್-ಅವರ್ ಶಕ್ತಿ ಇದ್ದರೂ, ನಷ್ಟವನ್ನು ಕಳೆದು, ಪೂರ್ತಿ ಬರಿದಾಗಲು ಬಿಡದೆ ಬಳಸಿದರೆ ಸುಮಾರು 1,200 ಕೈಗೆ ಸಿಗುತ್ತದೆ. 9 ವ್ಯಾಟ್‌ನ ನಾಲ್ಕು ಎಲ್‌ಇಡಿ ಬಲ್ಬು, ಜೊತೆಗೆ ವೈಫೈ ರೌಟರ್ ಸೇರಿದರೆ ಐವತ್ತು ವ್ಯಾಟ್ ಒಳಗೇ ಮುಗಿಯುತ್ತದೆ. ಮಳೆಗಾಲದಲ್ಲಿ ಫ್ಯಾನ್ ಬೇಕಿಲ್ಲ. ಸಂಜೆ ಆರರಿಂದ ಹತ್ತೂವರೆವರೆಗೆ ಮಾತ್ರ ಉರಿಸಿ, ಉಳಿದ ಹೊತ್ತು ಇನ್ವರ್ಟರನ್ನೇ ಆಫ್ ಮಾಡಿದರೆ ಒಮ್ಮೆ ತುಂಬಿದ ಬ್ಯಾಟರಿ ನಾಲ್ಕು ಸಂಜೆಗೆ ಬರುತ್ತದೆ. ಆಫ್ ಮಾಡುವುದು ಮುಖ್ಯ, ಏಕೆಂದರೆ ಏನೂ ಉರಿಯದಿದ್ದರೂ ಇನ್ವರ್ಟರ್ ತಾನೇ ಒಂದಿಷ್ಟು ತಿನ್ನುತ್ತಿರುತ್ತದೆ. ಮಿಕ್ಸಿ, ಗೀಸರ್, ಫ್ರಿಜ್ ಇವುಗಳನ್ನು ಆ ಲೈನಿಗೆ ಸೇರಿಸಕೂಡದು. ಬ್ಯಾಟರಿಗೆ ಡಿಸ್ಟಿಲ್ಡ್ ವಾಟರನ್ನೇ ಹಾಕಬೇಕು, ಬಾವಿ ನೀರು ಬೇಡ. ಚಾರ್ಜ್ ಆಗುವಾಗ ಅದರಿಂದ ಹೈಡ್ರೋಜನ್ ಹೊರಬರುವುದರಿಂದ ಗಾಳಿಯಾಡುವ ಮೂಲೆಯಲ್ಲಿಡಬೇಕು. ದೇವರ ಕೋಣೆಯ ದೀಪದ ಬಳಿ ಬೇಡವೇ ಬೇಡ.

ಪಕ್ಕದಲ್ಲೇ 1,035 ಮೆಗಾವ್ಯಾಟ್‌ನ ಶರಾವತಿ ವಿದ್ಯುದಾಗಾರವಿದ್ದೂ ನಮಗೇಕೆ ಈ ಕತ್ತಲು ಎಂದು ಅಮ್ಮ ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆ. ಅಲ್ಲಿ ಹುಟ್ಟಿದ ವಿದ್ಯುತ್ ದೊಡ್ಡ ಗೋಪುರಗಳ ಮೇಲೆ ದೂರ ಸಾಗಿಬಿಡುತ್ತದೆ. ನಮ್ಮ ಮನೆಗೆ ಬರುವುದು ಕಾಡು, ತೋಟಗಳ ನಡುವೆ ಹಾದು ಬರುವ 11 ಕೆ.ವಿ. (ಹನ್ನೊಂದು ಸಾವಿರ ವೋಲ್ಟ್) ಲೈನಿನಿಂದ, ಅದರ ಮೇಲೆ ಒಂದು ಮರ ಬಿದ್ದರೂ ಕೊನೆಯವರೆಗಿನ ಮನೆಗಳೆಲ್ಲ ಕತ್ತಲಾಗುತ್ತವೆ.

ಹಾಗೆ ಮರ ಬಿದ್ದು ಹರಿದ ತಂತಿಯ ವಿಚಾರವನ್ನು ಅಪ್ಪನಿಗೆ ನೀನೇ ಫೋನ್ ಮಾಡಿ ಒತ್ತಿ ಹೇಳು. ಗಾಳಿ ನಿಂತ ಮರುದಿನ ಬೆಳಿಗ್ಗೆ ತೋಟ ನೋಡಿಬರಲು ಅವರು ಹೊರಡುತ್ತಾರೆ. ತಂತಿ ನೆಲಕ್ಕೆ ಬಿದ್ದಿದ್ದರೆ, ಊರಿನಲ್ಲಿ ಕರೆಂಟಿಲ್ಲ ಎಂಬ ಧೈರ್ಯದಿಂದ ಹತ್ತಿರ ಹೋಗಬಾರದು, ಏಕೆಂದರೆ ಸಬ್‌ಸ್ಟೇಷನ್ನಿನಿಂದ ಲೈನನ್ನು ಯಾವ ಗಳಿಗೆಯಲ್ಲಾದರೂ ಮತ್ತೆ ಚಾರ್ಜ್ ಮಾಡಿ ನೋಡಬಹುದು. ಮೂವತ್ತು ಅಡಿ ದೂರದಲ್ಲೇ ನಿಲ್ಲಬೇಕು. ತಿಳಿಯದೆ ಹತ್ತಿರ ಬಂದುಬಿಟ್ಟಿದ್ದರೆ ದಾಪುಗಾಲು ಹಾಕಿ ಓಡಬಾರದು. ಒದ್ದೆ ನೆಲದಲ್ಲಿ ಎರಡು ಪಾದಗಳ ನಡುವೆಯೇ ವೋಲ್ಟೇಜ್ ವ್ಯತ್ಯಾಸ ಉಂಟಾಗಿ ಶಾಕ್ ಹೊಡೆಯುತ್ತದೆ, ಆದ್ದರಿಂದ ಪಾದಗಳನ್ನು ಜೋಡಿಸಿಕೊಂಡು, ನೆಲದಿಂದ ಎತ್ತದೆ, ಇಂಚಿಂಚೇ ಜಾರಿಸುತ್ತ ಹಿಂದೆ ಸರಿಯಬೇಕು. ಅಡಿಕೆ ಕೊನೆ ಕೊಯ್ಯುವ ಉದ್ದನೆಯ ದೋಟಿಯಿಂದ ತಂತಿಯನ್ನು ಸರಿಸುವ ಯೋಚನೆಯನ್ನಂತೂ ಮಾಡಲೇಬಾರದು. ಅಲ್ಯೂಮಿನಿಯಂ ದೋಟಿಯಷ್ಟೇ ಅಲ್ಲ, ಈಗ ಎಲ್ಲರೂ ಕೊಳ್ಳುತ್ತಿರುವ ಹಗುರವಾದ ಕಾರ್ಬನ್ ಫೈಬರ್ ದೋಟಿಯಲ್ಲೂ ವಿದ್ಯುತ್ ಹರಿಯುತ್ತದೆ. ತೋಟದ ಆಳುಗಳಿಗೂ ಇದನ್ನು ತಿಳಿಸಬೇಕು. ವಿದ್ಯುತ್ ಸಹಾಯವಾಣಿ 1912ಕ್ಕೆ ಫೋನ್ ಮಾಡಿ ದೂರು ಕೊಡುವಾಗ ಬಿಲ್ಲಿನಲ್ಲಿರುವ ಆರ್.ಆರ್. ನಂಬರ್ ಹೇಳಿದರೆ ಜಾಗ ಗುರುತಿಸುವುದು ಸುಲಭ. ಆ ನಂಬರನ್ನು ಅಡುಗೆಮನೆಯ ಕ್ಯಾಲೆಂಡರಿನ ಮೇಲೆ ದಪ್ಪಕ್ಷರದಲ್ಲಿ ಬರೆದಿಡಿಸು.

ಕರೆಂಟು ಹೋದೊಡನೆ ಫ್ರಿಜ್, ಟಿ.ವಿ., ಪಂಪುಗಳ ಸ್ವಿಚ್ ಆರಿಸಿ, ಮರಳಿ ಬಂದ ಮೇಲೆ ಹತ್ತು ನಿಮಿಷ ಒಂದು ಬಲ್ಬನ್ನಷ್ಟೇ ಉರಿಸಿ ನೋಡಬೇಕು. ಒಂದು ಕೋಣೆಯ ಬಲ್ಬು ಕಣ್ಣು ಕುಕ್ಕುವಷ್ಟು ಉರಿದು ಇನ್ನೊಂದು ಕೋಣೆಯದು ಮಂಕಾಗಿದ್ದರೆ ನ್ಯೂಟ್ರಲ್ (ಕರೆಂಟು ಮರಳಿ ಹೋಗುವ ತಂತಿ) ಕಟ್ಟಾಗಿದೆ ಎಂದೇ ತಿಳಿಯಬೇಕು. ನಿಮ್ಮದು ತ್ರೀ ಫೇಸ್ ಮನೆಯಾದ್ದರಿಂದ ಆಗ 230ರ ಜಾಗದಲ್ಲಿ 400 ವೋಲ್ಟ್‌ವರೆಗೂ ಬರಬಹುದು. ಒಂದು ಕ್ಷಣವೂ ತಡಮಾಡದೆ ಮೇನ್ ಸ್ವಿಚ್ ಇಳಿಸಬೇಕು.

ಅಮ್ಮನ ಇನ್ಸುಲಿನ್ ಬಗ್ಗೆ ಗಾಬರಿ ಬೇಡ. ಬಳಸಲು ಆರಂಭಿಸಿದ ಸಾಮಾನ್ಯ ಇನ್ಸುಲಿನ್ ಬಾಟಲಿಗಳಲ್ಲಿ ಹೆಚ್ಚಿನವು 25 ಡಿಗ್ರಿಯೊಳಗಿನ ತಂಪಿನಲ್ಲಿ ನಾಲ್ಕು ವಾರದವರೆಗೆ ಇರುತ್ತವೆ, ಮಲೆನಾಡಿನ ಮಳೆಗಾಲದಲ್ಲಿ ಒಲೆಯಿಂದ ದೂರದ ಕಪಾಟೇ ಅಷ್ಟು ತಂಪಾಗಿರುತ್ತದೆ. ಇನ್ನೂ ಸೀಲ್ ತೆರೆಯದ ಬಾಟಲಿಗಳ ಬಗ್ಗೆ ಮಾತ್ರ ಔಷಧದ ಅಂಗಡಿಯಲ್ಲಿ ಹೆಸರು ಹೇಳಿ ವಿಚಾರಿಸಬೇಕು. ಫ್ರಿಜ್ಜಿನ ಬಾಗಿಲು ತೆರೆಯದಿದ್ದರೆ ಒಳಗಿನ ತಂಪು ನಾಲ್ಕು ಗಂಟೆ ನಿಲ್ಲುತ್ತದೆ. ಆಮೇಲೆ ಹಾಲು, ಮೊಸರು, ಮಾಡಿಟ್ಟ ಸಾರು ಇವುಗಳನ್ನು ಮೊದಲು ಮುಗಿಸಬೇಕು. ನೀರಿಗೆ ಬಾವಿ ಇದೆ, ರಾಟೆಯ ಹಗ್ಗ ಹಳೆಯದಾಗಿದ್ದರೆ ಬದಲಿಸು. ಕರೆಂಟಿಲ್ಲದೆ ಹೊತ್ತು ಕಳೆದಂತೆ ಮೊಬೈಲ್ ಟವರಿನ ಬ್ಯಾಟರಿಯೂ ಮುಗಿಯುತ್ತದೆ, ಆದ್ದರಿಂದ ಕರೆ ಸಿಗಲಿಲ್ಲವೆಂದು ನೀನು ಹತ್ತು ಸಲ ಪ್ರಯತ್ನಿಸಿ ಅಪ್ಪನ ಫೋನಿನ ಚಾರ್ಜ್ ಖಾಲಿ ಮಾಡಿಸಬೇಡ. ಬೆಳಿಗ್ಗೆ ಎಂಟಕ್ಕೆ, ಸಂಜೆ ಆರಕ್ಕೆ ಎಂದು ಹೊತ್ತು ಗೊತ್ತುಮಾಡಿಕೊಂಡು ಒಂದು ಮೆಸೇಜ್ ಕಳುಹಿಸಿಕೊಳ್ಳಿ. ಕರೆ ಹೋಗದಿದ್ದಾಗಲೂ ಎಸ್ಸೆಮ್ಮೆಸ್ ಎಷ್ಟೋ ಸಲ ತಲುಪುತ್ತದೆ.

ಜನರೇಟರನ್ನು ಆರ್ಡರ್ ಮಾಡಿದ್ದರೆ ಸದ್ಯಕ್ಕೆ ರದ್ದುಮಾಡು. ಮಳೆ ಸ್ವಲ್ಪ ಬಿಟ್ಟೊಡನೆ ನಾನೇ ಸಾಗರದಿಂದ ಒಬ್ಬ ಎಲೆಕ್ಟ್ರಿಷಿಯನ್‌ನನ್ನು ಕರೆದುಕೊಂಡು ಹೋಗಿ ಅರ್ತಿಂಗ್ ಪರೀಕ್ಷಿಸಿ, ಕರೆಂಟು ಸೋರಿದರೆ ತಾನೇ ಆಫ್ ಆಗುವ 30 ಮಿಲಿಆಂಪ್‌ನ ಆರ್‌ಸಿಸಿಬಿ ಸ್ವಿಚ್ ಇದೆಯೇ ಎಂದು ನೋಡಿ, ಇನ್ವರ್ಟರಿಗೆ ಬೇರೆ ಲೈನ್ ಎಳೆಯಲು ಎಷ್ಟು ವೈರು ಬೇಕಾಗುತ್ತದೆ ಎಂದು ಅಳತೆ ಮಾಡಿಕೊಂಡು ಬರುತ್ತೇನೆ. ಬ್ಯಾಟರಿಯನ್ನು ಆಮೇಲೆ ಕೊಳ್ಳೋಣ. ಅಲ್ಲಿಯವರೆಗೆ ಪಕ್ಕದ ಮನೆಯವರ ಎಮರ್ಜೆನ್ಸಿ ಲ್ಯಾಂಪ್ ಒಂದನ್ನು ತಂದಿಟ್ಟುಕೊಳ್ಳಲು ಅಪ್ಪನಿಗೆ ಹೇಳು, ಸೊಳ್ಳೆ ಪರದೆಯ ಹತ್ತಿರ ಮೇಣದ ಬತ್ತಿ ಹಚ್ಚುವುದು ಬೇಡ.