ಸುಂಕ ಏರಿಸಿದ ಮೇಲೂ ಮೈತ್ರಿ ಉಳಿಯುತ್ತದೆಯೇ?

ಪ್ರಶ್ನೆ (ದಾವಣಗೆರೆ): 2025ರ ಆಗಸ್ಟ್‌ನಲ್ಲಿ ಅಮೆರಿಕವು ರಷ್ಯಾದ ತೈಲ ಖರೀದಿಯ ಕಾರಣ ನೀಡಿ ಭಾರತದ ಹಲವು ಸರಕುಗಳ ಮೇಲಿನ ಸುಂಕವನ್ನು ಶೇ 50ಕ್ಕೆ ಏರಿಸಿತು. ಭಾರತ, ಅಮೆರಿಕ, ಜಪಾನ್, ಆಸ್ಟ್ರೇಲಿಯಾಗಳ ಕೂಟವಾದ ಕ್ವಾಡ್‌ನಲ್ಲಿ ಜೊತೆಗಾರನೆನ್ನುತ್ತಲೇ ಹೀಗೆ ಮಾಡಿದರೆ ಮೈತ್ರಿಗೆ ಅರ್ಥವೇನು?

ಉಪನ್ಯಾಸಕಿ, ಚಿತ್ರದುರ್ಗ: ಸರ್, ಮೈತ್ರಿ ಮುರಿಯುವುದಿಲ್ಲ, ಜೊತೆಗಾರರು ಬೇರೆ ದಾರಿಯನ್ನೂ ನೋಡಿಕೊಳ್ಳುತ್ತಾರೆ. 2017ರಲ್ಲಿ ಅಮೆರಿಕ ಪೆಸಿಫಿಕ್ ಸುತ್ತಲಿನ ದೇಶಗಳ ವ್ಯಾಪಾರ ಒಪ್ಪಂದವಾದ ಟ್ರಾನ್ಸ್-ಪೆಸಿಫಿಕ್ ಒಪ್ಪಂದದಿಂದ ಹೊರನಡೆದಾಗ ಜಪಾನ್ ಕೈಕಟ್ಟಿ ಕೂರದೆ ಉಳಿದ ದೇಶಗಳನ್ನು ಒಗ್ಗೂಡಿಸಿತು. 2018ರ ಮಾರ್ಚ್‌ನಲ್ಲಿ ಅಮೆರಿಕವಿಲ್ಲದ ಹೊಸ ಒಪ್ಪಂದಕ್ಕೆ 11 ರಾಷ್ಟ್ರಗಳು ಸಹಿ ಹಾಕಿದವು. ಆದರೂ ರಕ್ಷಣೆಗೆ ಜಪಾನ್ ಅಮೆರಿಕವನ್ನೇ ನೆಚ್ಚಿಕೊಂಡಿದೆ.

ವರ್ತಕ, ದಾವಣಗೆರೆ: ನಮ್ಮ ಎಪಿಎಂಸಿಯಲ್ಲಿ ಚಿಂತೆಯೇ ಬೇರೆ. 2025ರಲ್ಲಿ ಅಮೆರಿಕ ತನ್ನ ಮೆಕ್ಕೆಜೋಳಕ್ಕೆ ಮಾರುಕಟ್ಟೆ ತೆರೆಯುವಂತೆ ಒತ್ತಾಯಿಸಿತು. ಅದರಲ್ಲಿ ಬಹುಪಾಲು ಕುಲಾಂತರಿ, ಅಂದರೆ ವಂಶವಾಹಿ ಮಾರ್ಪಡಿಸಿದ ತಳಿ. ಸುಂಕ ಇಳಿಸಿಕೊಳ್ಳಲು ದೆಹಲಿ ಇದಕ್ಕೆ ಒಪ್ಪಿದರೆ, ಯಾರ್ಡಿನಲ್ಲಿ ತೇವಾಂಶ ಪರೀಕ್ಷಿಸಿಕೊಂಡು ಬೆಲೆಗೆ ಕಾಯುವ ರೈತನಿಗೇ ಪೆಟ್ಟು.

ಪ್ರಶ್ನೆ ಕೇಳಿದವರು: ಮೇಡಂ, ಭಾರತವು 2019ರಲ್ಲಿ ಏಷ್ಯಾ-ಪೆಸಿಫಿಕ್ ದೇಶಗಳ ವ್ಯಾಪಾರ ಒಪ್ಪಂದವಾದ ಆರ್‌ಸಿಇಪಿಯಿಂದಲೂ ಹಿಂದೆ ಸರಿದಿರುವುದರಿಂದ ನಮಗೆ ಜಪಾನಿನಷ್ಟು ದಾರಿಗಳಿಲ್ಲ.