ಕೋಶಪೊರೆಯ ಪಾಠ ಮಗಳ ತಲೆಗೆ ಹತ್ತುತ್ತಿಲ್ಲ, ನಿಮ್ಮ ಮನೆಯಲ್ಲಿ ಹೇಗೆ ಕಲಿಸಿದಿರಿ?

ಕೇಳಿದವರು: ವಿಜಯನಗರದ ತಾಯಿ

ಮಗಳು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಈಗ ಪ್ರಥಮ ಪಿಯುಸಿ ವಿಜ್ಞಾನಕ್ಕೆ ಸೇರಿದ್ದಾಳೆ. ಕಿರುಪರೀಕ್ಷೆಯಲ್ಲಿ ಕೋಶಪೊರೆಯ ರಚನೆ ಮತ್ತು ಕಾರ್ಯದ ಬಗ್ಗೆ ಐದು ಅಂಕದ ಪ್ರಶ್ನೆ ಬಂದಿತ್ತು. ಚಿತ್ರವನ್ನು ಅಚ್ಚುಕಟ್ಟಾಗಿ ಬಿಡಿಸಿ, ಕೆಳಗೆ "ಇದು ಕೋಶವನ್ನು ರಕ್ಷಿಸುತ್ತದೆ" ಎಂದಷ್ಟೇ ಬರೆದು ಬಂದಿದ್ದಾಳೆ. ಎರಡು ಕಾಲಿನ ಆ ಗುಂಡುಗಳು ಕಾಲನ್ನು ಒಳಗೆ ಮಾಡಿಕೊಂಡು ಏಕೆ ನಿಂತಿವೆ ಎಂದು ಕೇಳಿದರೆ "ಪುಸ್ತಕದಲ್ಲಿ ಹಾಗೇ ಇದೆ" ಎನ್ನುತ್ತಾಳೆ. ನಾನು ಓದಿದ್ದು ವಾಣಿಜ್ಯ. ಮನೆಯಲ್ಲೇ ಹೇಳಿಕೊಟ್ಟವರು ಇದ್ದರೆ ದಯವಿಟ್ಟು ದಾರಿ ತೋರಿಸಿ.

ಮಲ್ಲೇಶ್ವರದ ನಿವೃತ್ತ ಜೀವಶಾಸ್ತ್ರ ಉಪನ್ಯಾಸಕ

ತಾಯಿ, ನಿಮ್ಮ ಪ್ರಶ್ನೆಯಲ್ಲೇ ಅರ್ಧ ಪಾಠವಿದೆ. ಸಾರಿಗೆ ಒಗ್ಗರಣೆ ಹಾಕಿದ ಮೇಲೆ ಎಣ್ಣೆ ಚುಕ್ಕೆಚುಕ್ಕೆಯಾಗಿ ತೇಲುವುದನ್ನು ಮಗಳಿಗೆ ತೋರಿಸಿ. ಎಣ್ಣೆಗೂ ನೀರಿಗೂ ಆಗುವುದಿಲ್ಲ. ಆ ಗುಂಡುಗಳೇ ಫಾಸ್ಫೋಲಿಪಿಡ್ ಅಣುಗಳು. ತಲೆಗೆ ನೀರು ಬೇಕು, ಎಣ್ಣೆಯಂತಹ ಎರಡು ಬಾಲಗಳಿಗೆ ನೀರು ಬೇಡ. ಕೋಶದ ಹೊರಗೂ ನೀರು, ಒಳಗೂ ನೀರು. ಬಾಲಗಳು ಹೋಗುವುದೆಲ್ಲಿಗೆ? ಎರಡು ಸಾಲು ನಿಂತು, ಬಾಲಕ್ಕೆ ಬಾಲ ಕೊಟ್ಟು, ನಡುವೆ ಅಡಗಿಕೊಳ್ಳುತ್ತವೆ. ಯಾರೂ ಜೋಡಿಸಬೇಕಾಗಿಲ್ಲ, ತಾವಾಗಿಯೇ ಹಾಗೆ ನಿಲ್ಲುತ್ತವೆ.

ಎರಡೇ ಪದರ ಎಂದು ಗೊತ್ತಾದದ್ದು 1925ರಲ್ಲಿ. ಗಾರ್ಟರ್ ಮತ್ತು ಗ್ರೆಂಡೆಲ್ ಎಂಬ ಡಚ್ ವಿಜ್ಞಾನಿಗಳು ಕೆಂಪು ರಕ್ತಕಣಗಳಿಂದ ಲಿಪಿಡ್ (ಕೊಬ್ಬಿನಂಶ) ತೆಗೆದು ನೀರಿನ ಮೇಲೆ ಒಂದೇ ಅಣುವಿನ ದಪ್ಪಕ್ಕೆ ಹರಡಿದರು. ಅದು ಆವರಿಸಿದ ಜಾಗ ಕಣಗಳ ಮೇಲ್ಮೈಯ ಸುಮಾರು ಎರಡರಷ್ಟಿತ್ತು. ಇದನ್ನು ಕಥೆಯಂತೆ ಹೇಳಿ, ಮರೆಯುವುದಿಲ್ಲ. ಇಡೀ ಪೊರೆಯ ದಪ್ಪ 7ರಿಂದ 8 ನ್ಯಾನೊಮೀಟರ್. ನೋಟ್‌ಬುಕ್ಕಿನ ಒಂದು ಹಾಳೆಯ ದಪ್ಪಕ್ಕೆ ಸಮವಾಗಲು ಹನ್ನೆರಡು ಹದಿಮೂರು ಸಾವಿರ ಪೊರೆಗಳನ್ನು ಒಂದರ ಮೇಲೊಂದು ಪೇರಿಸಬೇಕಾದೀತು.

ನನ್ನದೊಂದು ತಪ್ಪೊಪ್ಪಿಗೆಯೂ ಇದೆ. ಅಪಾರ್ಟ್‌ಮೆಂಟಿನ ಕಾವಲುಗಾರನಿದ್ದಂತೆ ಪೊರೆ ಎಂದು ವರ್ಷಗಟ್ಟಲೆ ಪಾಠ ಮಾಡಿದೆ. ಮಕ್ಕಳು ಉತ್ತರಪತ್ರಿಕೆಯಲ್ಲಿ "ಪೊರೆ ಯೋಚಿಸಿ ಒಳಗೆ ಬಿಡುತ್ತದೆ" ಎಂದು ಬರೆದರು. ಪೊರೆ ಏನನ್ನೂ ಯೋಚಿಸುವುದಿಲ್ಲ. ಆಮ್ಲಜನಕದಂತಹ ಸಣ್ಣ, ವಿದ್ಯುದಾವೇಶವಿಲ್ಲದ ಅಣು ನಡುವಿನ ಎಣ್ಣೆಯನ್ನು ಸಲೀಸಾಗಿ ದಾಟುತ್ತದೆ. ಸೋಡಿಯಂ ಅಯಾನು ಎಷ್ಟೇ ಚಿಕ್ಕದಾದರೂ ಆವೇಶ ಹೊತ್ತಿರುವುದರಿಂದ ದಾಟಲಾರದು. ಅದಕ್ಕೆ ಪ್ರೋಟೀನ್ ದಾರಿಯೇ ಬೇಕು. ನೀರು ಪೊರೆಯ ಮೂಲಕ ನಿಧಾನವಾಗಿ ಜಿನುಗಬಲ್ಲದು, ವೇಗವಾಗಿ ಹರಿಯಲು ಅಕ್ವಾಪೊರಿನ್ ಎಂಬ ಪ್ರೋಟೀನ್ ಕೊಳವೆಗಳಿವೆ. ಅವನ್ನು ಪತ್ತೆ ಮಾಡಿದ ಪೀಟರ್ ಆಗ್ರೆ ಅವರಿಗೆ 2003ರಲ್ಲಿ ನೊಬೆಲ್ ಬಂತು.

ಬಸವನಗುಡಿಯ ಗೃಹಿಣಿ

ನನ್ನ ಮಗನಿಗೆ ಇದು ಅರ್ಥವಾದದ್ದು ರಾಮನವಮಿಯ ದಿನ. ಕೋಸಂಬರಿಗೆ ನಾವು ಉಪ್ಪು ಹಾಕುವುದು ಬಡಿಸುವ ಹೊತ್ತಿಗೆ. ಅವನು ಬೆಳಿಗ್ಗೆಯೇ ಹಾಕಿಬಿಟ್ಟ. ಪೂಜೆ ಮುಗಿಯುವಷ್ಟರಲ್ಲಿ ಪಾತ್ರೆಯ ತಳದಲ್ಲಿ ನೀರೋ ನೀರು, ಸೌತೆಕಾಯಿ ಬಾಡಿದ ಹಾಗಿತ್ತು. ಬೈಯುವ ಬದಲು ಅವರಪ್ಪ ಅದನ್ನೇ ಪಾಠ ಮಾಡಿದರು: ಹೊರಗೆ ಉಪ್ಪು ಹೆಚ್ಚಾದರೆ ಕೋಶದೊಳಗಿನ ನೀರು ಪೊರೆ ದಾಟಿ ಹೊರಗೆ ಬರುತ್ತದೆ, ಇದೇ ಅಭಿಸರಣೆ. ಮಿಡಿಮಾವಿನ ಉಪ್ಪಿನಕಾಯಿ ಸುಕ್ಕುಗಟ್ಟುವುದೂ ಹೀಗೆಯೇ. ಕೋಸಂಬರಿಯನ್ನು ಮಾತ್ರ ಪ್ರಸಾದವೆಂದು ಎಲ್ಲರೂ ಸುಮ್ಮನೆ ತಿಂದೆವು.

ಯಲಹಂಕದ ತಂದೆ

ಮೊಟ್ಟೆಯನ್ನು ವಿನೆಗರ್‌ನಲ್ಲಿ ನೆನೆಸಿ ಚಿಪ್ಪು ಕರಗಿಸಿ. ಉಳಿಯುವ ಪೊರೆಯೇ ಕೋಶಪೊರೆ, ಕಣ್ಣಿಗೆ ಕಾಣುತ್ತದೆ.

ಮಲ್ಲೇಶ್ವರದ ನಿವೃತ್ತ ಉಪನ್ಯಾಸಕ

ಸರ್, ಪ್ರಯೋಗ ಒಳ್ಳೆಯದು, ಹೆಸರು ತಪ್ಪು. ಅದು ಚಿಪ್ಪಿನ ಒಳಗಿನ ಪೊರೆ, ಪ್ರೋಟೀನ್ ನಾರುಗಳಿಂದಾದದ್ದು, ಕೋಶಪೊರೆ ಅಲ್ಲ. ನೀರಿನಲ್ಲಿ ಉಬ್ಬುವುದನ್ನೂ ಸಕ್ಕರೆ ಪಾಕದಲ್ಲಿ ಕುಗ್ಗುವುದನ್ನೂ ತೋರಿಸಲು ಬಳಸಿ, ಅಷ್ಟೇ. ಅದಕ್ಕಿಂತ ಕಾಲೇಜಿನ ಸೂಕ್ಷ್ಮದರ್ಶಕದಲ್ಲಿ ರಿಯೋ ಎಲೆಯನ್ನು ನೋಡಲಿ. ಮೇಲೆ ಹಸಿರು, ಕೆಳಗೆ ನೇರಳೆ ಬಣ್ಣದ ಎಲೆ. ನಮ್ಮ ಪಾರ್ಕುಗಳ ಅಂಚಿನಲ್ಲಿ ಸಾಲಾಗಿ ನೆಟ್ಟಿರುತ್ತಾರೆ. ಕೆಳಗಿನ ಸಿಪ್ಪೆ ಸುಲಿದು ಗಟ್ಟಿ ಉಪ್ಪುನೀರು ಹಾಕಿದರೆ ನೇರಳೆ ಭಾಗ ಕುಗ್ಗಿ ಒಳಸರಿಯುತ್ತದೆ, ಕೋಶಭಿತ್ತಿ ನಿಂತಲ್ಲೇ ನಿಂತಿರುತ್ತದೆ. ಭಿತ್ತಿ ಬೇರೆ, ಪೊರೆ ಬೇರೆ ಎಂಬುದು ಆ ಒಂದು ನೋಟಕ್ಕೆ ತಿಳಿಯುತ್ತದೆ.

ಜಯನಗರದ ಶುಶ್ರೂಷಕಿ

ಅಕ್ಕ, "ರಕ್ಷಿಸುತ್ತದೆ" ಎಂಬ ಪದವನ್ನು ಮಗಳಿಂದ ಒಂದು ವಾರ ಕಿತ್ತುಕೊಳ್ಳಿ. ನಮ್ಮ ವಾರ್ಡಿನಲ್ಲಿ ಡ್ರಿಪ್ ಬಾಟಲಿಯ ಮೇಲೆ 0.9 ಶೇಕಡಾ ಉಪ್ಪು ಎಂದಿರುತ್ತದೆ. ಬರಿಯ ನೀರನ್ನು ರಕ್ತನಾಳಕ್ಕೆ ಬಿಟ್ಟರೆ ಕೆಂಪು ಕಣಗಳು ನೀರು ಕುಡಿದು ಒಡೆಯುತ್ತವೆ. ಸಸ್ಯಕ್ಕಿರುವ ಭಿತ್ತಿ ಅವಕ್ಕಿಲ್ಲವಲ್ಲ.

ಭೇದಿಯಾದವರಿಗೆ ಕೊಡುವ ಓಆರ್‌ಎಸ್‌ನಲ್ಲಿ ಉಪ್ಪಿನ ಜೊತೆ ಸಕ್ಕರೆ ಏಕೆ ಎಂದು ತರಬೇತಿಯಲ್ಲಿ ನನಗೂ ಗೊತ್ತಿರಲಿಲ್ಲ, ರುಚಿಗೆ ಎಂದುಕೊಂಡಿದ್ದೆ. ಕರುಳಿನ ಕೋಶಗಳ ಪೊರೆಯಲ್ಲಿ ಸೋಡಿಯಂ ಮತ್ತು ಗ್ಲುಕೋಸ್ ಎರಡನ್ನೂ ಜೊತೆಗೇ ಒಳಗೆ ಒಯ್ಯುವ ಪ್ರೋಟೀನ್ ಇದೆ. ಅವು ಹೋದಲ್ಲಿಗೆ ನೀರು ಹಿಂಬಾಲಿಸುತ್ತದೆ. ಕಾಲರಾದಲ್ಲೂ ಈ ದಾರಿ ಮುಚ್ಚುವುದಿಲ್ಲ. 1971ರ ಬಾಂಗ್ಲಾ ಯುದ್ಧದ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಲನಬಿಸ್ ಇದನ್ನೇ ಕುಡಿಸಿ ಅಸಂಖ್ಯ ಜೀವ ಉಳಿಸಿದರು. ಪೊರೆಯ ಕಾರ್ಯಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ತಿಳಿದಿಲ್ಲ.

ಹೆಬ್ಬಾಳದ ಬಿ.ಎಸ್ಸಿ. ವಿದ್ಯಾರ್ಥಿ

ಮೇಡಂ, "ದ್ರವ ಮೊಸಾಯಿಕ್ ಮಾದರಿ" ಎಂದು ಬರೆಯದಿದ್ದರೆ ಅಂಕ ಸಿಗುವುದಿಲ್ಲ: ಸಿಂಗರ್ ಮತ್ತು ನಿಕಲ್ಸನ್, 1972. ಪೊರೆ ದ್ರವದಂತೆ, ಪ್ರೋಟೀನ್‌ಗಳು ಮೊಸಾಯಿಕ್ ನೆಲದ ಚೂರುಗಳಂತೆ ಅದರಲ್ಲಿ ಅಲ್ಲಲ್ಲಿ ಹುದುಗಿವೆ ಎಂದರ್ಥ. ದ್ರವ ಎಂದರೇನು ಎಂದು ನನಗೆ ಹೊಳೆದದ್ದು ಡಿಸೆಂಬರಿನ ಬೆಳಿಗ್ಗೆ ತೆಂಗಿನೆಣ್ಣೆ ಬಾಟಲಿಯಲ್ಲಿ ಹೆಪ್ಪುಗಟ್ಟಿದ್ದಾಗ. ಪಕ್ಕದ ಸೂರ್ಯಕಾಂತಿ ಎಣ್ಣೆ ನೀರಾಗಿಯೇ ಇತ್ತು. ನೆಟ್ಟಗಿರುವ ಬಾಲಗಳು ಒತ್ತೊತ್ತಾಗಿ ಕೂರುತ್ತವೆ, ಸೊಟ್ಟಗಿರುವವು ಕೂರುವುದಿಲ್ಲ. ಪೊರೆಯಲ್ಲೂ ಅಷ್ಟೇ. ನಮ್ಮ ಕೋಶಗಳಲ್ಲಿ ಕೊಲೆಸ್ಟರಾಲ್ ನಡುವೆ ಸೇರಿಕೊಂಡು, ಬಿಸಿಯಲ್ಲಿ ತೀರಾ ಸಡಿಲವಾಗದಂತೆ, ಚಳಿಯಲ್ಲಿ ಗಟ್ಟಿಯಾಗದಂತೆ ನೋಡಿಕೊಳ್ಳುತ್ತದೆ. 1970ರಲ್ಲಿ ಫ್ರೈ ಮತ್ತು ಎಡಿಡಿನ್ ಇಲಿಯ ಕೋಶವನ್ನೂ ಮನುಷ್ಯನ ಕೋಶವನ್ನೂ ಬೆಸೆದಾಗ, ಎರಡರ ಪ್ರೋಟೀನ್‌ಗಳು 37 ಡಿಗ್ರಿಯಲ್ಲಿ ಸುಮಾರು 40 ನಿಮಿಷದಲ್ಲಿ ಬೆರೆತುಹೋದವು.

ಸೋಡಿಯಂ-ಪೊಟ್ಯಾಸಿಯಂ ಪಂಪ್ ಖಂಡಿತ ಕೇಳುತ್ತಾರೆ: ಮೂರು ಸೋಡಿಯಂ ಹೊರಗೆ, ಎರಡು ಪೊಟ್ಯಾಸಿಯಂ ಒಳಗೆ, ಖರ್ಚಿಗೆ ಒಂದು ಎಟಿಪಿ (ಕೋಶಕ್ಕೆ ಶಕ್ತಿ ಕೊಡುವ ಅಣು). ಮತ್ತೊಂದು ವಿಷಯ, ಪರೀಕ್ಷೆಗೆ ಬೇಡ: ಜಿಕೆವಿಕೆ ಕೃಷಿ ವಿ.ವಿ. ಆವರಣದ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್‌ನಲ್ಲಿ ಸತ್ಯಜಿತ್ ಮೇಯರ್ ಅವರ ತಂಡ, ಪೊರೆಯ ಕೆಲವು ಪ್ರೋಟೀನ್‌ಗಳು ಅತಿ ಪುಟ್ಟ ಗುಂಪುಗಳಾಗಿ ಕೂಡಿಕೊಳ್ಳುವ ಬಗೆಯನ್ನು ಅಧ್ಯಯನ ಮಾಡಿದೆ. ಪುಸ್ತಕದ ಚಿತ್ರದಲ್ಲಿರುವಷ್ಟು ಸಮವಾಗಿ ಎಲ್ಲವೂ ಹರಡಿಕೊಂಡಿಲ್ಲ.

ವಿಜಯನಗರದ ತಾಯಿ

ಎಲ್ಲರಿಗೂ ನಮಸ್ಕಾರ. ಸೌತೆಕಾಯಿಯ ಪ್ರಯೋಗ ಆಯಿತು. ನಿನ್ನೆ ಪಲ್ಯ ಮಾಡುವಾಗ ಅವಳೇ ಕೇಳಿದಳು: ತಣ್ಣೀರಿನಲ್ಲಿ ತೊಳೆದಿಟ್ಟ ಬೀಟ್‌ರೂಟ್ ಅಷ್ಟಾಗಿ ಬಣ್ಣ ಬಿಡುವುದಿಲ್ಲ, ಬೇಯಿಸಿದರೆ ನೀರೆಲ್ಲ ಕೆಂಪಾಗುತ್ತದೆ, ಏಕೆ? ನನಗೆ ಉತ್ತರ ಗೊತ್ತಿಲ್ಲ.

ಮಲ್ಲೇಶ್ವರದ ನಿವೃತ್ತ ಉಪನ್ಯಾಸಕ

ಬಣ್ಣವಿರುವುದು ಕೋಶದೊಳಗಿನ ರಸದಾನಿಯಲ್ಲಿ, ಅಂದರೆ ರಸ ತುಂಬಿದ ಚೀಲದಲ್ಲಿ. ಅದಕ್ಕೊಂದು ಪೊರೆ, ಹೊರಗೆ ಕೋಶಪೊರೆ. ಬಿಸಿಗೆ ಎರಡೂ ಕೆಡುತ್ತವೆ. ಎಷ್ಟು ಬಿಸಿಗೆ ಎಂಬುದನ್ನು ನಾನು ಹೇಳುವುದಿಲ್ಲ. ಒಂದೇ ಅಳತೆಯ ತುಂಡುಗಳನ್ನು ಬಣ್ಣ ಬಿಡುವುದು ನಿಲ್ಲುವವರೆಗೆ ತೊಳೆದು, ತಣ್ಣೀರು, ಉಗುರುಬೆಚ್ಚಗಿನ ನೀರು, ಕೈ ಸುಡುವಷ್ಟು ಬಿಸಿ ನೀರು, ಹೀಗೆ ಮೂರು ಲೋಟಗಳಲ್ಲಿ ಹಾಕಿ ಗಡಿಯಾರ ನೋಡುತ್ತಾ ಬರೆದುಕೊಳ್ಳಲಿ. ಬಿಸಿ ಲೋಟವನ್ನು ನೀವೇ ಎತ್ತಿಡಿ.